ಹಿಂಗಾಲು ಕುಂಟಿದ ಕೂಡಲೇ ಉಳುಕು ಅನ್ನಬೇಡಿ

ರೇಬೀಸ್ ಲಸಿಕೆಗೆ ಬಂದವರನ್ನು ಸ್ವಲ್ಪ ಹೊತ್ತು ಕೂರಿಸಿಕೊಳ್ಳುತ್ತಿದ್ದೇನೆ, ಬೇಸರ ಮಾಡ್ಕೋಬೇಡಿ. ಈಗ ಸಾಲಿನಲ್ಲಿದ್ದ ಕೆಲವು ನಾಯಿಗಳು ಹಿಂಗಾಲು ಸರಿಯಾಗಿ ಊರುತ್ತಿರಲಿಲ್ಲ. ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಉಳುಕಿದೆ ಡಾಕ್ಟ್ರೇ, ಸರಿಹೋಗತ್ತೆ."

ಉಳುಕೂ ಇರಬಹುದು. ಆದರೆ ಮೊದಲು ಪಾದ ನೋಡಿ. ಬೆರಳ ಸಂದಿಯಲ್ಲಿ ಮುಳ್ಳು, ಗಾಜಿನ ಚೂರು, ಉಣುಗು, ಮುರಿದ ಉಗುರು, ಮಧ್ಯಾಹ್ನದ ಟಾರು ರಸ್ತೆಗೆ ಸುಟ್ಟ ಅಂಗಾಲು, ಏನಾದರೂ ಸಿಗಬಹುದು. ಇವತ್ತು ಈ ಕಾಲು, ನಾಳೆ ಆ ಕಾಲು ಕುಂಟುತ್ತಾ ಜ್ವರವೂ ಇದ್ದರೆ ಉಣುಗಿನಿಂದ ಬರುವ ಎರ್ಲಿಕಿಯಾ ಅನ್ನೋ ಸೋಂಕು ಇರಬಹುದು, ರಕ್ತ ಪರೀಕ್ಷೆ ಮಾಡಿಸಿ.

ಒಂದು ಲ್ಯಾಬ್ರಡಾರ್ ಕತೆ ಹೇಳಲೇಬೇಕು. ಒಳ್ಳೇ ಗುಂಡಣ್ಣ. ಮನೆಯ ಅಜ್ಜಿ ದಿನಾ ಸಂಜೆ ಹರಳೆಣ್ಣೆ ಹಚ್ಚಿ, ಬಿಸಿನೀರಿನ ಶಾಖ ಕೊಟ್ಟು ಕಾಲು ತಿಕ್ಕುತ್ತಿದ್ದರು. ಇವನಿಗೂ ಅದು ಎಷ್ಟು ಇಷ್ಟ ಅಂದ್ರೆ, ಎಣ್ಣೆ ಬಟ್ಟಲಿನ ಸದ್ದು ಕೇಳಿದರೆ ಸಾಕು, ಓಡಿಬಂದು ಅಂಗಾತ ಮಲಗೋನು. ಕುಂಟು ಮಾತ್ರ ಹೋಗಲಿಲ್ಲ. ಅವನು ಕೂರುವಾಗ ಕಾಲನ್ನು ಮಡಚದೆ ಪಕ್ಕಕ್ಕೆ ಚಾಚುತ್ತಿದ್ದ, ಅದನ್ನು ನೋಡಿಯೇ ನನಗೆ ಅನುಮಾನ ಬಂತು. ಮೊಣಕಾಲು ಹಿಡಿದು ಪರೀಕ್ಷಿಸಿದರೆ ಕೆಳಗಿನ ಮೂಳೆ ಮುಂದಕ್ಕೆ ಜಾರಿತು. ಒಳಗೆ ಮೂಳೆಗಳನ್ನು ಹಿಡಿದಿಡುವ ಕ್ರೂಸಿಯೇಟ್ ಲಿಗಮೆಂಟ್ ಅನ್ನೋ ಪಟ್ಟಿ ಹರಿದಿತ್ತು! ಇದು ಒಂದೇ ನೆಗೆತಕ್ಕೆ ಹರಿಯಬೇಕು ಅಂತೇನಿಲ್ಲ. ನಾಯಿಗಳಲ್ಲಿ ಸಾಮಾನ್ಯವಾಗಿ ನಿಧಾನವಾಗಿ ಸವೆದು ಸವೆದು ಒಂದು ದಿನ ಕಿತ್ತುಬರುತ್ತದೆ, ತೂಕ ಜಾಸ್ತಿ ಇದ್ದರೆ ಇನ್ನೂ ಬೇಗ. ತಡವಾದಷ್ಟೂ ಕೀಲು ಹಾಳು, ಮುಂದೆ ಇನ್ನೊಂದು ಕಾಲಿಗೂ ಅದೇ ಗತಿ ಬರುವ ಸಾಧ್ಯತೆ ಬಹಳ. ಅಜ್ಜಿಯ ಪ್ರೀತಿಯಲ್ಲಿ ಒಂದಿಷ್ಟೂ ಕೊರತೆ ಇರಲಿಲ್ಲ, ಬೇಕಾಗಿದ್ದದ್ದು ಆಪರೇಷನ್.

ಪೊಮೆರೇನಿಯನ್ ಇಟ್ಟುಕೊಂಡವರು ನೋಡಿರುತ್ತೀರಿ, ಓಡುತ್ತಾ ಓಡುತ್ತಾ ಒಂದು ಕಾಲು ಎತ್ತಿ ಎರಡು ಹೆಜ್ಜೆ ಕುಪ್ಪಳಿಸಿ ಮತ್ತೆ ಸರಿಯಾಗುತ್ತದೆ. ಅದು ಆಟ ಅಲ್ಲ, ಹೆಚ್ಚಾಗಿ ಮಂಡಿಚಿಪ್ಪು ಜಾಗ ಬಿಟ್ಟು ಜಾರುತ್ತಿರುತ್ತದೆ. ಜರ್ಮನ್ ಶೆಫರ್ಡ್ ಮರಿ ಎರಡೂ ಹಿಂಗಾಲು ಜೋಡಿಸಿ ಮೊಲದ ಹಾಗೆ ಹಾರಿದರೆ ಸೊಂಟದ ಕೀಲಿನ ಎಕ್ಸ್‌ರೇ ತೆಗೆಸಿ. ದಯವಿಟ್ಟು ದೊಡ್ಡ ತಳಿಯ ಮರಿಗೆ ಸುಮ್ನೆ ಕ್ಯಾಲ್ಸಿಯಂ ಟಾನಿಕ್ ಸುರಿಯಬೇಡಿ. ಜಾಸ್ತಿಯಾದ ಕ್ಯಾಲ್ಸಿಯಂನಿಂದ ಮೂಳೆ ಕೆಡುತ್ತದೆ.

ಉಳುಕು ಅಂದುಕೊಂಡವರು ಮುಂದೆ ಮಾಡುವ ಕೆಲಸವೇ ನನಗೆ ಹೆಚ್ಚು ಭಯ. ಮನೆಯಲ್ಲಿರುವ ನೋವಿನ ಮಾತ್ರೆ ಅರ್ಧ ಮುರಿದು ಹಾಕುವುದು. ಐಬುಪ್ರೊಫೇನ್, ಡೈಕ್ಲೊಫೆನಾಕ್ ನಾಯಿಗೆ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತವೆ, ಕಿಡ್ನಿ ಕೆಡಿಸುತ್ತವೆ. ಬೇಡ, ಬೇಡ.

ಸಮಯ ಆಯ್ತು ಅಂತ ಕೈ ತೋರಿಸ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. ವಯಸ್ಸಾದ ದೊಡ್ಡ ನಾಯಿಯ ಕಾಲಲ್ಲಿ ಗಟ್ಟಿ ಊತ ಇದ್ದರೆ ಮೂಳೆ ಕ್ಯಾನ್ಸರ್ ಇರಬಹುದು, ಕಾಯಬೇಡಿ. ಡ್ಯಾಶಂಡ್ ಕಾಲು ಎಳೆಯುತ್ತಿದ್ದರೆ, ಬೆರಳು ಮಡಚಿ ನೆಲಕ್ಕೆ ಉಜ್ಜುತ್ತಿದ್ದರೆ ತೊಂದರೆ ಹೆಚ್ಚಾಗಿ ಕಾಲಿನದ್ದಲ್ಲ, ಬೆನ್ನುಮೂಳೆಗಳ ನಡುವಿನ ಮೆತ್ತೆಯದ್ದು, ಅಂದರೆ ಡಿಸ್ಕ್‌ದು. ಅದೇ ದಿನ ಕರೆತನ್ನಿ. ಇನ್ನೊಂದು, ಆಸ್ಪತ್ರೆಗೆ ಬಂದ ಗಾಬರಿಗೆ ಎಷ್ಟೋ ನಾಯಿಗಳು ನಮ್ಮ ಮುಂದೆ ಕುಂಟುವುದೇ ಇಲ್ಲ. ಮನೆಯಲ್ಲಿ ನಡೆಯುವುದನ್ನು, ಕೂರುವುದನ್ನು ಮೊಬೈಲಲ್ಲಿ ವಿಡಿಯೊ ಮಾಡಿಕೊಂಡು ಬನ್ನಿ. ಸಾಲಿನಲ್ಲಿ ಕುಂಟುತ್ತಿದ್ದ ನಾಯಿಗಳವರು ಹೋಗಬೇಡಿ, ಒಬ್ಬೊಬ್ಬರಾಗಿ ಆ ಮೇಜಿನ ಹತ್ತಿರ ಬನ್ನಿ, ನೋಡೋಣ.