ಶಾಬ್ತಿಯ ಬೆನ್ನನ್ನೂ ನೋಡಿ

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲಿರುವ ಈ ನೀಲಿ ಗೊಂಬೆ ಅಸಲಿಗೆ ಅರ್ಧ ಗೇಣಿನಷ್ಟು, ವಯಸ್ಸು ಸುಮಾರು 3,000 ವರ್ಷ. ಮಮ್ಮಿಯಂತೆ ಸುತ್ತಿದ ಮೈ, ತಲೆಗೆ ಕಪ್ಪು ಪಟ್ಟಿ, ಎರಡೂ ಕೈಯಲ್ಲಿ ಗುದ್ದಲಿ. ಹೆಸರು ಶಾಬ್ತಿ, ಪ್ರಾಚೀನ ಈಜಿಪ್ಟಿನಲ್ಲಿ ಸತ್ತವರ ಜೊತೆ ಗೋರಿಯಲ್ಲಿ ಇಡುತ್ತಿದ್ದ ಗೊಂಬೆ. ಸತ್ತ ಮೇಲೂ ಹೊಲದ ಬಿಟ್ಟಿ ಚಾಕರಿ ತಪ್ಪುವುದಿಲ್ಲ ಎಂದು ಈಜಿಪ್ಟಿನವರು ನಂಬಿದ್ದರು. ಉಳುಮೆ, ದಂಡೆಗೆ ನೀರು ಹಾಯಿಸುವುದು, ಮರಳು ಹೊರುವುದು, ಯಾವುದಕ್ಕೇ ಕರೆ ಬಂದರೂ ಒಡೆಯನ ಬದಲು "ಇಗೋ ಇದ್ದೇನೆ" ಎಂದು ಓಗೊಡಬೇಕಾದ ಆಳು ಇದು.

ಒಬ್ಬನಿಗೆ ಎಷ್ಟು ಆಳು? ಬ್ರಿಟಿಷ್ ಮ್ಯೂಸಿಯಂನಲ್ಲಿರುವ ಒಂದು ಪಪೈರಸ್, ಅಂದರೆ ಜೊಂಡಿನ ಹಾಳೆಯ ಬರಹ, ಅಪ್ಪಟ ವ್ಯಾಪಾರದ ರಸೀದಿ. ಅಮುನ್ ಎಂಬ ಈಜಿಪ್ಟಿನ ದೇವರ ದೇವಾಲಯದ ಕುಶಲಕರ್ಮಿಯೊಬ್ಬ 401 ಶಾಬ್ತಿಗಳಿಗೆ ಬೆಳ್ಳಿ ಪಡೆದೆನೆಂದು ಬರೆದುಕೊಟ್ಟಿದ್ದಾನೆ. ವರ್ಷದ ದಿನಕ್ಕೊಂದರಂತೆ 365, ಹತ್ತಾಳಿಗೊಬ್ಬ ಮೇಸ್ತ್ರಿಯಂತೆ 36. ಮೇಸ್ತ್ರಿಯ ಕೈಯಲ್ಲಿ ಗುದ್ದಲಿಯಿಲ್ಲ, ಚಾವಟಿ. ಪರಲೋಕದಲ್ಲೂ ಮೇಸ್ತ್ರಿ ಕಾಟ ತಪ್ಪಲಿಲ್ಲ, ನೋಡಿ! ಹಾಗಂತ ಎಲ್ಲ ಗೋರಿಯಲ್ಲೂ ಇದೇ ಲೆಕ್ಕ ಹುಡುಕಬೇಡಿ. ದೊರೆ ಟುಟಾಂಖಾಮುನ್‌ನದು 413, ಸುಡಾನಿನ ನೂರಿಯಲ್ಲಿ ದೊರೆ ತಹಾರ್ಕನದು ಸಾವಿರಕ್ಕೂ ಹೆಚ್ಚು, ಅವೂ ಕಲ್ಲಿನವು.

ಇನ್ನು ಸಂಗ್ರಹಾಲಯಗಳಲ್ಲಿ ಇವುಗಳ ಪಟ್ಟಿ ಮಾಡುವ ಕೆಲಸಕ್ಕೆ ಬರೋಣ. ಹಳೆಯ ರಿಜಿಸ್ಟರುಗಳಲ್ಲಿ ಸಾಮಾನ್ಯವಾಗಿ ಕಾಣುವ ನಮೂದು "ಶಾಬ್ತಿ, ನೀಲಿ, ಚಿಕ್ಕದು" ಎಂಬಷ್ಟೇ. ಇದರಿಂದ ಯಾರಿಗೇನು ಉಪಯೋಗ? ನೆದರ್‌ಲ್ಯಾಂಡ್ಸ್‌ನ ಲೈಡನ್ ಸಂಗ್ರಹಾಲಯದ ಹ್ಯಾನ್ಸ್ ಶ್ನೈಡರ್ 1977ರಲ್ಲಿ ವಿಗ್ಗು, ಕೈಗಳ ಭಂಗಿ, ಉಪಕರಣ, ಬೀಜದ ಚೀಲ, ಬರಹದ ಜಾಗ, ಹೀಗೆ ಒಂದೊಂದಕ್ಕೂ ಸಂಕೇತ ಕೊಟ್ಟರು. ಮೊದಮೊದಲು ತಲೆಚಿಟ್ಟು ಹಿಡಿಸುವ ಪದ್ಧತಿ, ಒಪ್ಪುತ್ತೇನೆ. ಆದರೆ ಎರಡು ಊರಿನ ಎರಡು ಗೊಂಬೆಗಳನ್ನು ಹೋಲಿಸಬೇಕಾದಾಗ ಕೈಹಿಡಿಯುವುದು ಅದೇ.

ಪರದೆಯ ಮೇಲಿನದು ಪಿನೆಜೆಮ್‌ನದು. ಯಾವ ಪಿನೆಜೆಮ್? ಅಜ್ಜ, ಮೊಮ್ಮಗ ಇಬ್ಬರಿಗೂ ಅದೇ ಹೆಸರು, ಇಬ್ಬರೂ ಅಮುನ್‌ನ ಪ್ರಧಾನ ಅರ್ಚಕರು, ಇಬ್ಬರ ಶಾಬ್ತಿಗಳೂ ಕಣ್ಣು ಕುಕ್ಕುವ ನೀಲಿ. ಇಬ್ಬರ ಮಮ್ಮಿಯೂ ದೇರ್ ಎಲ್-ಬಹ್ರಿಯ ಒಂದೇ ಗುಪ್ತ ಗೋರಿಯಲ್ಲಿ 1881ರಲ್ಲಿ ಸಿಕ್ಕವು. ಅಜ್ಜ ಮುಂದೆ ರಾಜನಾದ. ಹಾಗಾಗಿ ಹೆಸರಿನ ಸುತ್ತ ರಾಜರ ಅಂಡಾಕಾರದ ಚೌಕಟ್ಟು ಇದ್ದರೆ ಅಜ್ಜನದು. ಚೌಕಟ್ಟಿಲ್ಲದೆ ಅರ್ಚಕ ಪದವಿ ಮಾತ್ರ ಇದ್ದರೆ ಮೊಮ್ಮಗನದಿರಬಹುದು. ಒಂದು ಗೆರೆ ಮಾಸಿದರೆ ತಲೆಮಾರೇ ತಪ್ಪುತ್ತದೆ.

ಬಹುತೇಕ ಸಂಗ್ರಹಾಲಯಗಳು ಮುಂಭಾಗದ ಚಂದದ ಫೋಟೋ ತೆಗೆದು ಸುಮ್ಮನಾಗುತ್ತವೆ. ನನ್ನ ತಕರಾರು ಇರುವುದೇ ಅಲ್ಲಿ. ಬೆನ್ನಿಗೆ ಕಂಬ, ಕಾಲಡಿ ಪೀಠ ಇದ್ದರೆ ಅದು ಹೆಚ್ಚುಕಡಿಮೆ ಕ್ರಿ.ಪೂ. 7ನೆಯ ಶತಮಾನದಿಂದ ಈಚಿನದು. ಆ ಕಾಲದಲ್ಲಿ ಪ್ಸಾಮ್ತಿಕ್ ಎಂಬ ಹೆಸರಿನವರು ಬೀದಿಗೊಬ್ಬರು. ಬರಹದಲ್ಲಿ ತಾಯಿಯ ಹೆಸರೂ ಇದ್ದರೆ ಯಾವ ಪ್ಸಾಮ್ತಿಕ್ ಎಂದು ಬೇರ್ಪಡಿಸಬಹುದು. ಆದರೆ ಬರಹ ಬೆನ್ನಿನವರೆಗೂ ಸುತ್ತಿಕೊಂಡಿದ್ದರೆ, ಎದುರಿನ ಫೋಟೋದಲ್ಲಿ ಸಿಗುವುದು ಅರ್ಧ ವಾಕ್ಯ ಮಾತ್ರ.

ಅಚ್ಚಿನ ಬಗ್ಗೆಯೂ ಒಂದು ಮಾತು. ಈ ನೀಲಿ ಗೊಂಬೆಗಳನ್ನು ಮಾಡಿದ್ದು ಫಯಾನ್ಸ್‌ನಿಂದ. ಫಯಾನ್ಸ್ ಎಂದರೆ ಜೇಡಿಮಣ್ಣಲ್ಲ, ಪುಡಿ ಮಾಡಿದ ಸ್ಫಟಿಕ ಶಿಲೆ. ನೀಲಿ ಬಣ್ಣ ತಾಮ್ರದ್ದು. ಒಂದೇ ಅಚ್ಚಿನಿಂದ ತೆಗೆದವೂ ಸುಟ್ಟಾಗ ಒಂದೆರಡು ಮಿಲಿಮೀಟರ್ ಹೆಚ್ಚುಕಡಿಮೆಯಾಗುತ್ತವೆ. ಆದ್ದರಿಂದ ಎತ್ತರವೊಂದನ್ನೇ ನಂಬಬೇಡಿ. ಭುಜದ ಅಗಲವನ್ನೂ ದಪ್ಪವನ್ನೂ ಅಳೆಯಿರಿ. ಕಪ್ಪು ಬಣ್ಣದ ಬರಹ ಕೈಯಿಂದ ಬರೆದದ್ದಾದ್ದರಿಂದ ಅಕ್ಷರದ ಓಟವನ್ನೂ ಹೋಲಿಸಬಹುದು.

1891ರಲ್ಲಿ ದೇರ್ ಎಲ್-ಬಹ್ರಿಯಲ್ಲೇ ಇರುವ ಬಾಬ್ ಎಲ್-ಗಸೂಸ್‌ನಲ್ಲಿ ಅಮುನ್ ಅರ್ಚಕರ ದೊಡ್ಡ ಸಮಾಧಿಯೇ ಸಿಕ್ಕಿತು. ಅಲ್ಲಿನ ಪೆಟ್ಟಿಗೆಗಳನ್ನೂ ಶಾಬ್ತಿಗಳನ್ನೂ ಪಾಲು ಹಾಕಿ 17 ದೇಶಗಳಿಗೆ ಉಡುಗೊರೆ ಕೊಟ್ಟರು. ಒಬ್ಬನ ಆಳುಗಳು ಹಲವು ದೇಶಗಳಿಗೆ ಚದುರಿಹೋದರು. ಆ ಅರ್ಚಕರ ಕಾಲದ ಗೊಂಬೆಗಳಲ್ಲಿ ಸಾಮಾನ್ಯವಾಗಿ ಬರಹ ಮೇಲಿನಿಂದ ಕೆಳಕ್ಕೆ ಒಂದೇ ಸಾಲು, ಮೊದಲು ಪದವಿ, ಕೊನೆಗೆ ಹೆಸರು. ಪಾದ ಮುರಿದರೆ ಹೆಸರೇ ಹೋಯಿತು. ಹಾಗಾಗಿ ಉಗ್ರಾಣದ ಟ್ರೇಯಲ್ಲಿ ಬಿದ್ದಿರುವ ಮುರುಕು ಪಾದಗಳಿಗೂ ಒಂದೊಂದು ನಂಬರು ಕೊಡಿ, ಮುರಿದ ಅಂಚಿನ ಅಳತೆ ಬರೆಯಿರಿ. ಅದರ ಮುಂಡ ಬೇರೆ ಯಾವುದೋ ದೇಶದ ಪಟ್ಟಿಯಲ್ಲಿ "ಹೆಸರು ತಿಳಿದಿಲ್ಲ" ಎಂದು ದಾಖಲಾಗಿರಬಹುದು.