ಜಪಮಣಿ ಹಿಡಿದು ಅಳೆದ ಚಾಂಗ್‌ಥಾಂಗ್

ಕೇಳುಗರಿಗೆ ನಮಸ್ಕಾರ.

ಲಡಾಖಿನ ಪೂರ್ವದ ಅಂಚಿನಿಂದ ಟಿಬೆಟ್ಟಿನ ಒಳಕ್ಕೆ ಹಬ್ಬಿರುವ ಎತ್ತರದ ಬಯಲೇ ಚಾಂಗ್‌ಥಾಂಗ್. ಬಹುಭಾಗ ನಾಲ್ಕೂವರೆ ಸಾವಿರ ಮೀಟರಿಗೂ ಮೇಲಿದೆ. ಮರವಿಲ್ಲ, ಮಳೆ ತೀರ ಕಡಿಮೆ. ಹಿಮ ಕರಗಿದ ನೀರು ಬಹುಪಾಲು ಕಡಲು ಕಾಣದೆ ಉಪ್ಪು ಸರೋವರಗಳಲ್ಲೇ ಆರಿಹೋಗುತ್ತದೆ. 1874ರ ಜುಲೈನಲ್ಲಿ ಕುಮಾಊಂನ ಮಿಲಮ್ ಗ್ರಾಮದ ನೈನ್ ಸಿಂಗ್ ರಾವತ್ ಲಾಮಾ ವೇಷ ತೊಟ್ಟು, ಕುರಿಗಳ ಮೇಲೆ ಸಾಮಾನು ಹೇರಿಕೊಂಡು, ಬ್ರಿಟಿಷ್ ಭಾರತದ ಸರ್ವೇ ಇಲಾಖೆಗಾಗಿ ಗುಟ್ಟಾಗಿ ನೆಲ ಅಳೆಯಲು ಲೇಹ್‌ನಿಂದ ಈ ಬಯಲಿನತ್ತ ಹೊರಟರು.

1800ರಲ್ಲಿ ನಮ್ಮ ಬೆಂಗಳೂರಿನ ಬಳಿ ಬ್ರಿಟಿಷ್ ಸರ್ವೇಯರ್ ಲ್ಯಾಂಬ್ಟನ್ ಆಧಾರರೇಖೆ, ಅಂದರೆ ಮುಂದಿನ ಅಳತೆಗಳಿಗೆಲ್ಲ ಬುನಾದಿಯಾಗುವ ಗೆರೆ, ಅಳೆದಾಗ ಸರಪಳಿ ಹಿಡಿಯಲು ಆಳುಗಳಿದ್ದರು, ಕಾವಲಿಗೆ ಸರ್ಕಾರವಿತ್ತು. ಟಿಬೆಟ್ಟಿನಲ್ಲಿ ಕೋನ ಅಳೆಯುವ ಥಿಯೋಡೊಲೈಟ್ ನಿಲ್ಲಿಸಿದರೆ ತಲೆಯೇ ಹೋಗಬಹುದು. ಆದ್ದರಿಂದ ಸರಪಳಿಯ ಕೆಲಸ ಕಾಲಿನ ಪಾಲಿಗೆ ಬಂತು. ಡೆಹ್ರಾಡೂನಿನಲ್ಲಿ ನೈನ್ ಸಿಂಗ್‌ರಿಗೆ ಒಂದೇ ಅಳತೆಯ ಹೆಜ್ಜೆ ಹಾಕುವುದನ್ನು ಕಲಿಸಿದ್ದರು. ಜಪಮಾಲೆಯಲ್ಲಿ ಇರಬೇಕಾದ 108 ಮಣಿಗಳ ಬದಲು 100 ಮಣಿ. ನೂರು ಹೆಜ್ಜೆಗೆ ಒಂದು ಮಣಿ ಜಾರಿಸಬೇಕು. ಪ್ರಾರ್ಥನಾ ಚಕ್ರದೊಳಗೆ ಮಂತ್ರವಿರಬೇಕಾದ ಕಡೆ ದಿಕ್ಕು, ದೂರಗಳ ಟಿಪ್ಪಣಿ.

ಎತ್ತರ ತಿಳಿಯಲು ನೀರು ಕುದಿಸುತ್ತಿದ್ದರು. ಮೇಲೇರಿದಂತೆ ಗಾಳಿಯ ಒತ್ತಡ ಇಳಿಯುತ್ತದೆ, ನೀರು ಕಡಿಮೆ ತಾಪದಲ್ಲೇ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿಯ ವ್ಯತ್ಯಾಸ. ಥರ್ಮಾಮೀಟರ್ ಅದ್ದಿ ಲೆಕ್ಕ ಹಾಕಿದರಾಯಿತು. ಸೌದೆ ಸಿಗದ ನಾಡು, ಬೆಂಕಿಗೆ ಸಗಣಿಯೇ ಗತಿ.

ನನಗೆ ಬೆರಗೆನಿಸುವುದು ಬೇರೆ. ಸೂರ್ಯನನ್ನೋ ನಕ್ಷತ್ರವನ್ನೋ ಅದರ ಎತ್ತರದ ಕೋನ ಅಳೆಯುವ ಸೆಕ್ಸ್‌ಟೆಂಟಿನಲ್ಲಿ ನೋಡಿ ಅಕ್ಷಾಂಶ ಕಂಡುಕೊಳ್ಳಬಹುದು. ಅದಕ್ಕೆ ಬೇಕಾದ ಸಮತಲಕ್ಕಾಗಿ ಕವಡೆಗಳಲ್ಲಿ ಬಚ್ಚಿಟ್ಟ ಪಾದರಸವನ್ನು ಬಟ್ಟಲಿಗೆ ಸುರಿಯುತ್ತಿದ್ದರು. ಆದರೆ ರೇಖಾಂಶಕ್ಕೆ ನಿಖರವಾದ ಗಡಿಯಾರ ಬೇಕು. ಚಳಿಗೂ ಕುಲುಕಿಗೂ ಸಿಕ್ಕಿದ ಗಡಿಯಾರವನ್ನು ನಂಬುವಂತಿಲ್ಲ. ಚಾಂಗ್‌ಥಾಂಗ್ ದಾರಿಯೋ ಬಹುಪಾಲು ಪಶ್ಚಿಮದಿಂದ ಪೂರ್ವಕ್ಕೆ! ಆಕಾಶದ ನೆರವು ಅತಿ ಕಡಿಮೆ ಸಿಗುವ ದಿಕ್ಕಿನಲ್ಲೇ ಅವರು ನಡೆದರು. ಆ ನಕ್ಷೆಯ ಅಗಲವನ್ನು ಹೊತ್ತಿದ್ದು ಹೆಜ್ಜೆಗಳ ಎಣಿಕೆ. ಎಣಿಕೆ ತಪ್ಪಿದರೆ ಸರೋವರಗಳೇ ಸ್ಥಳ ಬದಲಿಸುತ್ತಿದ್ದವು.

ನವೆಂಬರಿನಲ್ಲಿ ಲಾಸಾ ಮುಟ್ಟಿದರು. ಅಲ್ಲಿ ಗುರುತು ಬಯಲಾಗುವ ಭಯವಿದ್ದುದರಿಂದ ಹೆಚ್ಚು ದಿನ ನಿಲ್ಲದೆ ತವಾಂಗ್ ಮಾರ್ಗವಾಗಿ 1875ರಲ್ಲಿ ಅಸ್ಸಾಮಿಗೆ ಇಳಿದರು. ಹೀಗೆ ಅಳೆದದ್ದು ಸಾವಿರಕ್ಕೂ ಹೆಚ್ಚು ಮೈಲಿ, ಬಹುಪಾಲು ಅದುವರೆಗೆ ನಕ್ಷೆಯಲ್ಲಿ ಖಾಲಿಯಾಗಿದ್ದ ನೆಲ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ 1877ರಲ್ಲಿ ಚಿನ್ನದ ಪದಕ ನೀಡಿತು. ಅದಕ್ಕೆ ಮುನ್ನ ಅದೇ ಸೊಸೈಟಿಯ ಓದುಗರಿಗೆ ಅವರು ಬಹುಕಾಲ ಬರೀ ‘ಪಂಡಿತ’ ಆಗಿದ್ದರು. ಗುಟ್ಟು ಕಾಯಲು ಹೆಸರು ಮುಚ್ಚಿಡಬೇಕಾಗಿತ್ತು, ಅದು ಸರಿಯೇ. ಆದರೆ ಪದಕ ಬಂದು ಒಂದೂವರೆ ಶತಮಾನದ ಹತ್ತಿರವಾದರೂ ನಮ್ಮ ಶಾಲೆಯ ಭೂಗೋಳ ಪಾಠಗಳಲ್ಲಿ ಆ ಹೆಸರು ಅಪರೂಪವೇಕೆ ಎಂಬುದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣುವುದಿಲ್ಲ.