ಮೊದಲು ಬೆರಳು, ಆಮೇಲೆ ನೀರು

ಆಕಾಶವಾಣಿಯ ಕೇಳುಗರಿಗೆಲ್ಲ ನಮಸ್ಕಾರ. ಬೇಸಿಗೆಯ ಕೊನೆಯಲ್ಲಿ ಮನೆಯಂಗಳದಲ್ಲಿ ಅರಳುವ ಹೂಗಳ ಬಗ್ಗೆ ಮಾತಾಡಬೇಕು ಅಂತ ಕೇಂದ್ರದವರು ಕರೆದಿದ್ದಾರೆ. ಈ ಹೊತ್ತಿನಲ್ಲಿ ರೇಡಿಯೊ ಹಾಕಿಕೊಂಡು ಕೂತಿರುವವರು ಯಾರು ಅನ್ನುವುದು ನನ್ನ ಕಣ್ಣಿಗೆ ಕಟ್ಟಿದಂತಿದೆ. ಒಲೆಯ ಮೇಲೆ ಬೇಳೆ ಬೇಯುತ್ತಿದೆ. ಕೈಯಲ್ಲಿ ಹುರುಳಿಕಾಯಿ, ಮುಂದೆ ಮೊರ. ಹಿತ್ತಿಲಿನಲ್ಲೋ ತಾರಸಿಯ ಮೇಲೋ ಏಳೆಂಟು ಕುಂಡ. ಅದರಲ್ಲೊಂದು ದುಂಡುಮಲ್ಲಿಗೆ. ಗಿಡ ಸೊಂಪಾಗಿದೆ, ಎಲೆ ಹಸಿರಾಗಿ ಮಿರಮಿರ ಮಿಂಚುತ್ತಿದೆ, ಹೂವು ಮಾತ್ರ ಇಲ್ಲ.

ತೋಟಗಾರಿಕೆ ಕೆಲಸದಲ್ಲಿ 32 ವರ್ಷ ಕಳೆದವಳು ನಾನು. ಸಸ್ಯಕ್ಷೇತ್ರಕ್ಕೆ ಬರುತ್ತಿದ್ದವರು ಬೇಸಿಗೆಯಲ್ಲಿ ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಮೇಡಂ, ಯಾವ ಗೊಬ್ಬರ ಹಾಕಿದ್ರೆ ಮಲ್ಲಿಗೆ ಹೂ ಬಿಡುತ್ತೆ?" ನಾನು ತಿರುಗಿ ಕೇಳುತ್ತಿದ್ದೆ, ದಿನಕ್ಕೆ ಎಷ್ಟು ಸಲ ನೀರು ಹಾಕ್ತೀರಿ? "ಬೆಳಿಗ್ಗೆ ಒಂದ್ಸಲ, ಸಂಜೆ ಒಂದ್ಸಲ. ಬೇಸಿಗೆ ಅಲ್ವಾ, ಪಾಪ!" ಈ 'ಪಾಪ' ಅನ್ನುವ ಮಾತು ಕೇಳಿದರೆ ನನಗೆ ಈಗಲೂ ಸ್ವಲ್ಪ ಬೇಸರವಾಗುತ್ತದೆ. ಪ್ರೀತಿಯಿಂದಲೇ ಅನ್ನುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಆ ಪಾಪದ ಗಿಡ ಹೂ ಬಿಡದೆ ಇರುವುದು ಆ ಎರಡು ಹೊತ್ತಿನ ನೀರಿನಿಂದಲೇ.

ಈ ಕಾಲದಲ್ಲಿ ಅರಳುವ ನಮ್ಮ ಹೂಗಿಡಗಳಿಗೆ ಮೊದಲು ಒಂದಿಷ್ಟು ಬಾಯಾರಿಕೆ ಆಗಬೇಕು, ಆಮೇಲೆ ಹೊಟ್ಟೆ ತುಂಬ ನೀರು ಸಿಗಬೇಕು. ಇವತ್ತು ನಾನು ಹೇಳಲು ಬಂದಿರುವುದು ಇದನ್ನೇ. ಬಾಯಾರಿಕೆ ಆಗಿದೆಯೋ ಇಲ್ಲವೋ ಅಂತ ತಿಳಿಯಲು ಯಂತ್ರ ಬೇಡ, ಔಷಧಿ ಅಂಗಡಿಗೆ ಹೋಗುವುದೂ ಬೇಡ. ತೋರುಬೆರಳನ್ನು ಎರಡು ಗೆಣ್ಣು ಮುಳುಗುವ ತನಕ ಮಣ್ಣಿಗೆ ಇಳಿಸಿ. ತಂಪು ತಾಗಿ, ಮಣ್ಣು ಬೆರಳಿಗೆ ಅಂಟಿಕೊಂಡು ಬಂದರೆ ಅವತ್ತು ನೀರು ಬೇಡ. ಪುಡಿಪುಡಿಯಾಗಿ ಉದುರಿದರೆ ಹಾಕಿ, ಕುಂಡದ ಅಡಿಯ ತೂತಿನಿಂದ ಹೊರಗೆ ಬರುವಷ್ಟು ಹಾಕಿ. ಮೊದಲು ಬೆರಳು, ಆಮೇಲೆ ನೀರು.

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯವರು ಕೇಳುತ್ತಿದ್ದರೆ ಅವರಿಗೆ ಇದು ಹೊಸ ವಿಷಯ ಅಲ್ಲ. ಕಾಫಿ ಗಿಡ ಚಳಿಗಾಲದಲ್ಲಿ ಮೊಗ್ಗು ಕಟ್ಟುತ್ತದೆ, ಆದರೆ ಅರಳುವುದಿಲ್ಲ. ಒಣಹವೆಯಲ್ಲಿ ಮೊಗ್ಗು ಬಾಯಿ ಮುಚ್ಚಿಕೊಂಡು ಕಾಯುತ್ತದೆ. ಫೆಬ್ರವರಿ, ಮಾರ್ಚಿ, ಏಪ್ರಿಲಿನಲ್ಲಿ ಹೂಮಳೆ ಬೀಳುತ್ತದಲ್ಲ, ಅದಾದ ಎಂಟು ಹತ್ತು ದಿನಕ್ಕೆ ಗುಡ್ಡಕ್ಕೆ ಗುಡ್ಡವೇ ಬೆಳ್ಳಗಾಗಿ ಮಲ್ಲಿಗೆಯ ಹಾಗೆ ಘಮಘಮಿಸುತ್ತದೆ. ಮಳೆ ತಡವಾದರೆ ಬೆಳೆಗಾರರು ಸ್ಪ್ರಿಂಕ್ಲರ್ ಹಾಕಿ ಅದೇ ಮಳೆಯನ್ನು ತಾವೇ ಸುರಿಸುತ್ತಾರೆ. ಮೊದಲು ಒಣಗು, ಆಮೇಲೆ ನೀರು. ಸಾವಿರಾರು ಎಕರೆಯಲ್ಲಿ ನಡೆಯುವ ಈ ಲೆಕ್ಕ ನಿಮ್ಮ ಹಿತ್ತಿಲಿನ ಒಂದು ಕುಂಡದಲ್ಲಿ ನಡೆಯದೆ ಇರುತ್ತದೆಯೇ?

ಗಿಡದೊಳಗೆ ಏನಾಗುತ್ತದೆ ಅಂದರೆ, ಬೇರಿಗೆ ಸದಾ ನೀರು ಸಿಗುತ್ತಿದ್ದರೆ ಎಲೆಯಲ್ಲಿ ತಯಾರಾದ ಸಕ್ಕರೆಯೆಲ್ಲ ಹೊಸ ಎಲೆ, ಹೊಸ ರೆಂಬೆಗೇ ಖರ್ಚಾಗಿಬಿಡುತ್ತದೆ. ನೀರು ನಿಂತರೆ ಬೆಳವಣಿಗೆ ನಿಲ್ಲುತ್ತದೆ, ಸಕ್ಕರೆ ರೆಂಬೆಯಲ್ಲಿ ಕೂಡಿಟ್ಟ ಹಾಗೆ ಉಳಿಯುತ್ತದೆ. ಮತ್ತೆ ನೀರು ಬಿದ್ದ ಕೂಡಲೇ ಆ ಕೂಡಿಟ್ಟದ್ದೆಲ್ಲ ಚಿಗುರಾಗಿ, ಮೊಗ್ಗಾಗಿ ಹೊರಗೆ ಬರುತ್ತದೆ. ಅಷ್ಟೇ. ಇದಕ್ಕಿಂತ ಹೆಚ್ಚು ತಿಳಿಯಬೇಕಾಗಿಲ್ಲ.

ಇದನ್ನು ನಾನು ಮೊದಲು ಕಲಿತದ್ದು ಕಾಲೇಜಿನಲ್ಲಿ ಅಲ್ಲ, ಹೊಳೆನರಸೀಪುರದಲ್ಲಿ, ನಮ್ಮ ದೊಡ್ಡಮ್ಮನ ಮನೆಯ ಹಿತ್ತಿಲಿನಲ್ಲಿ. ಬಚ್ಚಲುಮನೆಯ ಗೋಡೆಯ ಆಚೆಗೆ ಅವರ ದುಂಡುಮಲ್ಲಿಗೆ ಇತ್ತು. ಮನೆಯಲ್ಲಿ ಆರು ಜನ, ಆರು ಜನ ಮಿಂದ ನೀರೂ ಕಲ್ಲಿನ ತೂಬಿನಿಂದ ನೇರವಾಗಿ ಅದರ ಪಾತಿಗೆ. ಗಿಡ ಹೆಂಚಿನ ಮಾಡು ಮುಟ್ಟಿತ್ತು. ಒಂದೊಂದು ಎಲೆ ಅಂಗೈ ಅಗಲ. ಹೂವು? ಇಡೀ ಬೇಸಿಗೆಗೆ ಒಂದು ಹಿಡಿ. ದೊಡ್ಡಮ್ಮ ಕೊಟ್ಟಿಗೆ ಗೊಬ್ಬರ ಹಾಕಿದರು, ಹುಳಿ ಮಜ್ಜಿಗೆ ಹೊಯ್ದರು, ಯಾರದೋ ದೃಷ್ಟಿ ತಾಗಿದೆ ಅಂತ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿದರು. ಐದು ವರ್ಷ ಹೀಗೇ ಹೋಯಿತು.

ಒಂದು ವರ್ಷ ಶಿವರಾತ್ರಿ ಮುಗಿಸಿಕೊಂಡು ಮಗಳ ಬಾಣಂತನಕ್ಕೆ ಅಂತ ಶಿವಮೊಗ್ಗಕ್ಕೆ ಹೊರಟರು. ದೊಡ್ಡಪ್ಪನೂ ಮಕ್ಕಳೂ ಜೊತೆಗೆ ಹೋದರು. ಮನೆಗೆ ಬೀಗ. ಪಕ್ಕದ ಮನೆಯ ಹುಡುಗನಿಗೆ ಹಿತ್ತಿಲಿನ ಬೀಗದಕೈ ಕೊಟ್ಟು, "ದಿನಾ ಎರಡು ಕೊಡ ಹಾಕಪ್ಪ, ಮರೀಬೇಡ" ಅಂತ ಹೇಳಿ ಹೋಗಿದ್ದರು. ಅವನಿಗೆ ಪರೀಕ್ಷೆ. ಪರೀಕ್ಷೆ ಮುಗಿದದ್ದೇ ಅಜ್ಜಿಯ ಊರಿಗೆ ಹೋಗಿಬಿಟ್ಟ. ಬಚ್ಚಲಲ್ಲಿ ಮೀಯುವವರಿಲ್ಲ, ತೂಬಿನಲ್ಲಿ ನೀರಿಲ್ಲ. ಸುಮಾರು ಎರಡು ತಿಂಗಳು ಆ ಗಿಡ ಒಂದು ತಂಬಿಗೆ ನೀರು ಕಾಣಲಿಲ್ಲ.

ಏಪ್ರಿಲ್ ಕೊನೆಯಲ್ಲಿ ದೊಡ್ಡಮ್ಮ ವಾಪಸು ಬಂದು ನೋಡಿದರೆ ಕೆಳಗಿನ ಎಲೆಯೆಲ್ಲ ಹಳದಿಯಾಗಿ ಉದುರಿ ಪಾತಿ ತುಂಬಿದೆ. ಮೇಲಿನ ಎಲೆ ಸುರುಳಿ ಸುತ್ತಿಕೊಂಡಿದೆ. ಮಣ್ಣು ಬಿರುಕು ಬಿಟ್ಟು ಬೆರಳು ತೂರುವಷ್ಟು ಸಂದಿ. ಕಾಂಪೌಂಡಿನ ಆಚೆಯ ಹೆಂಗಸಿಗೆ ಏನೇನು ಅನ್ನಬೇಕೋ ಎಲ್ಲ ಅಂದರು. ಆಕೆಯೂ ಸುಮ್ಮನಿರಲಿಲ್ಲ. ಅವತ್ತಿನಿಂದ ಎರಡು ಮನೆಗೂ ಮಾತಿಲ್ಲ, ಸಾಲ ತಂದಿದ್ದ ಸಕ್ಕರೆ ಲೋಟವೂ ಗೋಡೆಯ ಮೇಲೇ ಬಂತು.

ಹೆಬ್ಬಾಳದಲ್ಲಿ ಬಿಎಸ್ಸಿ ಕೃಷಿ ಎರಡನೇ ವರ್ಷ ಓದುತ್ತಿದ್ದ ನಾನು ರಜೆಗೆ ಅಲ್ಲಿಗೆ ಹೋದೆ. "ಓದಿರೋಳು ನೀನು, ಏನಾದ್ರೂ ಮಾಡೇ" ಅಂದರು. ನನಗಾದರೂ ಏನು ಗೊತ್ತಿತ್ತು? ಒಣಗಿದ ತುದಿಗಳನ್ನೆಲ್ಲ ಕುಡುಗೋಲಿನಲ್ಲಿ ಕತ್ತರಿಸಿದೆ, ಬುಡದ ಮಣ್ಣು ಸಡಿಲಿಸಿ ಒಂದು ಬುಟ್ಟಿ ಗೊಬ್ಬರ ಬೆರೆಸಿದೆ. ನೀರು ಸೇದಿ ಹಾಕೋಣ ಅಂತಿರುವಾಗಲೇ ಸಂಜೆ ಗುಡುಗು ಶುರುವಾಯಿತು. ಭರಣಿ ಮಳೆ! ಭರಣಿ ಬಂದರೆ ಧರಣಿಯೆಲ್ಲ ಬೆಳೆ ಅನ್ನುತ್ತಾರಲ್ಲ, ಆ ಮಳೆ ರಾತ್ರಿಯಿಡೀ ಹೊಯ್ಯಿತು.

ವಾರ ಕಳೆಯುವಷ್ಟರಲ್ಲಿ ಬೋಳು ರೆಂಬೆಯ ಒಂದೊಂದು ಗಿಣ್ಣಿನಲ್ಲೂ ಎರಡೆರಡು ಚಿಗುರು, ಎದುರುಬದುರಾಗಿ. ನಾಲ್ಕನೆಯ ವಾರಕ್ಕೆ ಚಿಗುರಿನ ತುದಿಯಲ್ಲಿ ಮೂರು ಮೂರು ಮೊಗ್ಗು, ನಡುವಿನದು ದೊಡ್ಡದು, ಅಕ್ಕಪಕ್ಕದವು ಅಕ್ಕಿ ಕಾಳಿನಷ್ಟು. ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ ದೊಡ್ಡಮ್ಮ ಬುಟ್ಟಿ ಸಾಲದೆ ಮೊರ ತಂದರು. ಒಂದು ಬೆಳಿಗ್ಗೆ ಬಿಡಿಸಿದ ಮೊಗ್ಗನ್ನು ನಾನು ಕೂತು ಎಣಿಸಿದ್ದೇನೆ, 417. ಐದು ವರ್ಷದಲ್ಲಿ ಒಟ್ಟು ಅಷ್ಟು ಬಿಟ್ಟಿತ್ತೋ ಇಲ್ಲವೋ! ಅದರಲ್ಲಿ ಅರ್ಧ ಮೊಗ್ಗನ್ನು ದೊಡ್ಡಮ್ಮ ಬಾಳೆ ಎಲೆಯಲ್ಲಿ ಸುತ್ತಿ, ಅಜ್ಜಿಯ ಊರಿಂದ ಬಂದಿದ್ದ ಆ ಹುಡುಗನನ್ನೇ ಕರೆದು, "ನಿಮ್ಮಮ್ಮನಿಗೆ ಕೊಡು, ನೀನು ನೀರು ಹಾಕದೇ ಇದ್ದದ್ದಕ್ಕೆ ಬಂದ ಹೂವು ಅಂತ ಹೇಳು" ಅಂದರು. ಸಂಜೆಗೆ ಗೋಡೆಯ ಮೇಲೆ ಕಟ್ಟಿದ ಮಾಲೆಯೊಂದು ವಾಪಸು ಬಂತು, ನಡುನಡುವೆ ಮರುಗ ಸೇರಿಸಿ.

ಮಾರನೆಯ ದಿನ ದೊಡ್ಡಪ್ಪ ಬಚ್ಚಲಿನ ತೂಬಿನಿಂದ ಕಾಲುವೆ ತೋಡಿ ನೀರನ್ನು ಬಾಳೆಗೂ ಕೆಸುವಿಗೂ ತಿರುಗಿಸಿದರು. ಅವಕ್ಕೆ ಎಷ್ಟು ಕೊಟ್ಟರೂ ಬೇಕು. ಮಲ್ಲಿಗೆಗೆ ಆಮೇಲೆ ಯಾವತ್ತೂ ಬಚ್ಚಲ ನೀರು ಹೋಗಲಿಲ್ಲ.

ಹಾಗಂತ ನೀವು ಎರಡು ತಿಂಗಳು ಒಣಗಿಸಿ ಅಂತ ನಾನು ಹೇಳುವುದಿಲ್ಲ. ನೆಲದಲ್ಲಿರುವ ಗಿಡಕ್ಕೆ ಎಂಟು ಹತ್ತು ದಿನ ಸಾಕು, ಕುಂಡಕ್ಕೆ ಮೂರು ನಾಲ್ಕು ದಿನ. ಮೊದಲ ಸುತ್ತಿನ ಹೂವು ಮುಗಿದ ತುದಿಗಳನ್ನು ನಾಲ್ಕು ಬೆರಳಿನಷ್ಟು ಕತ್ತರಿಸಿ. ಬುಡ ಸಡಿಲಿಸಿ, ಎರಡು ಹಿಡಿ ಎರೆಗೊಬ್ಬರ ಕೊಡಿ, ಆಮೇಲೆ ಒಮ್ಮೆ ಚೆನ್ನಾಗಿ ನೆನೆಯುವಷ್ಟು ನೀರು ಹಾಕಿ. ಮೊಗ್ಗು ಕಂಡ ಮೇಲೆ ಪೂರ್ತಿ ಒಣಗಲು ಬಿಡಬೇಡಿ, ಆದರೆ ಆಗಲೂ ಮೊದಲು ಬೆರಳು, ಆಮೇಲೆ ನೀರು. ಇಡೀ ಗಿಡವನ್ನು ಗಿಡ್ಡಗೆ ಕತ್ತರಿಸುವ ದೊಡ್ಡ ಕೆಲಸ ನವೆಂಬರ್, ಡಿಸೆಂಬರಿನದು, ಈಗ ಅದಕ್ಕೆ ಕೈ ಹಾಕಬೇಡಿ. ಮೈಸೂರು ಮಲ್ಲಿಗೆ, ಉಡುಪಿಯ ಶಂಕರಪುರದ ಮಲ್ಲಿಗೆ, ಹಡಗಲಿ ಮಲ್ಲಿಗೆ, ಮೂರಕ್ಕೂ ಭೌಗೋಳಿಕ ಗುರುತಿನ ಮನ್ನಣೆ ಸಿಕ್ಕಿರುವ ನಾಡು ನಮ್ಮದು. ಶಂಕರಪುರದವರು 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ ಅಂತ ಎಣಿಸಿ ಮಾರುತ್ತಾರೆ. ನಿಮಗೆ ಮುಡಿಗೊಂದು ಮೊಳ, ದೇವರಿಗೊಂದು ಮೊಳ ಸಿಗದೆ ಹೋದರೆ ಹೇಗೆ?

ಇನ್ನೊಂದು ಮಾತು. ಮಧ್ಯಾಹ್ನ ಎರಡು ಗಂಟೆಗೆ ಎಲೆ ಬಾಗಿದ್ದು ಕಂಡು ಚೊಂಬು ಹಿಡಿದು ಓಡಬೇಡಿ. ಆ ಬಿಸಿಲಿಗೆ ಯಾವ ಗಿಡವೂ ತಲೆ ತಗ್ಗಿಸುತ್ತದೆ, ಸಂಜೆಗೆ ತಾನೇ ಎದ್ದು ನಿಲ್ಲುತ್ತದೆ. ಬೆಳಿಗ್ಗೆ ಆರು ಗಂಟೆಗೆ ನೋಡಿ. ಆಗಲೂ ಬಾಗಿದ್ದರೆ ಬೆರಳು ಇಳಿಸಿ. ಮಣ್ಣು ಒಣಗಿದ್ದರೆ ಬಾಯಾರಿಕೆ. ಮಣ್ಣು ಒದ್ದೆಯಾಗಿದ್ದೂ ಎಲೆ ಬಾಗಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತಿದೆ. ಅಂಥ ಗಿಡಕ್ಕೇ ಎಷ್ಟೋ ಜನ ಇನ್ನೊಂದು ಚೊಂಬು ಹೊಯ್ದು ಮುಗಿಸಿಬಿಡುತ್ತಾರೆ. ಇದನ್ನು ನೋಡಿ ನೋಡಿ ನನಗೆ ಸಾಕಾಗಿದೆ.

ಸಮಯ ಹೆಚ್ಚು ಉಳಿದಿಲ್ಲ, ಆದರೂ ಮೇ ಹೂವಿನ ಬಗ್ಗೆ ಹೇಳದೆ ಹೋಗಲಾರೆ. ಕೆಂಪು ಚೆಂಡಿನ ಹಾಗೆ ಅರಳುತ್ತದಲ್ಲ, ಕೆಲವರು ಫುಟ್‌ಬಾಲ್ ಲಿಲ್ಲಿ ಅಂತಲೂ ಕರೆಯುತ್ತಾರೆ, ಅದು. ಆಫ್ರಿಕಾದಿಂದ ಬಂದ ಗೆಡ್ಡೆ. ಚಳಿಗಾಲದಲ್ಲಿ ಎಲೆಯೆಲ್ಲ ಒಣಗಿ ಕುಂಡ ಬರಿದಾಗುತ್ತದೆ. ಸತ್ತೇಹೋಯಿತು ಅಂತ ಮಣ್ಣು ಸಮೇತ ಸುರಿಯುವವರಿದ್ದಾರೆ, ದಿನಾ ನೀರು ಹೊಯ್ದು ಗೆಡ್ಡೆ ಕೊಳೆಯಿಸುವವರೂ ಇದ್ದಾರೆ. ಎರಡೂ ಬೇಡ. ಆ ಕುಂಡವನ್ನು ಮೂಲೆಗಿಟ್ಟು ಮರೆತುಬಿಡಿ. ಬೇಸಿಗೆ ಮಳೆ ಒಂದೆರಡು ಬಿದ್ದ ಮೇಲೆ ಮಣ್ಣು ಸೀಳಿಕೊಂಡು ಮೊದಲು ಮೊಗ್ಗಿನ ದಂಟು ಬರುತ್ತದೆ, ಎಲೆ ಅದರ ಜೊತೆಗೋ ಹಿಂದೆಯೋ. ಒಂದು ಗೆಡ್ಡೆಗೆ ವರ್ಷಕ್ಕೆ ಒಂದೇ ಚೆಂಡು. ಹತ್ತಿರ ಹೋಗಿ ನೋಡಿ, ಅದು ಒಂದು ಹೂವಲ್ಲ, ನೂರಾರು ಪುಟ್ಟ ಹೂವು ಸೇರಿ ಆದ ಚೆಂಡು, ಪ್ರತಿಯೊಂದರ ಕೇಸರದ ತುದಿಯಲ್ಲೂ ಹಳದಿ ಹುಡಿ.

ಮಳೆ ಲಿಲ್ಲಿಯದೂ ಅದೇ ಲೆಕ್ಕ. ಅಂಗಳದ ಅಂಚಿನಲ್ಲಿ ಹುಲ್ಲಿನ ಹಾಗೆ ಬಿದ್ದಿರುತ್ತದೆ. ಒಂದು ಒಳ್ಳೆಯ ಮಳೆ ಬಿದ್ದು ನಾಲ್ಕೈದು ದಿನಕ್ಕೆ ಸಾಲಾಗಿ ಗುಲಾಬಿ ಬಣ್ಣದ ಹೂವು. ಕಾಗದದ ಹೂವಿಗಂತೂ, ಬೋಗನ್‌ವಿಲ್ಲಾ ಅನ್ನುತ್ತೀರಲ್ಲ, ನೀರು ಹೆಚ್ಚು ಕೊಟ್ಟಷ್ಟೂ ಎಲೆ ಮತ್ತು ಮುಳ್ಳು. ಒಣಗಿಸಿದಷ್ಟೂ ಬಣ್ಣ. ಬಣ್ಣದ ಆ ಪಕಳೆಗಳು ನಿಜವಾಗಿ ಎಲೆಯ ರೂಪಾಂತರ. ನಿಜವಾದ ಹೂವು ಅದರ ನಡುವೆ ಬೆಳ್ಳಗೆ, ಕಡ್ಡಿಯ ಗಾತ್ರ ಇರುತ್ತದೆ. ಸುಗಂಧರಾಜ, ಕನಕಾಂಬರ, ನಂದಿಬಟ್ಟಲಿನ ಬಗ್ಗೆ ಇನ್ನೊಮ್ಮೆ ಕರೆದಾಗ ಮಾತಾಡುತ್ತೇನೆ. ಅವಕ್ಕೂ ಬೆರಳು ಇಳಿಸಿಯೇ ನೀರು ಹಾಕಿ. ದಾಸವಾಳದ ಮೊಗ್ಗು ಉದುರುತ್ತದೆ ಅಂತ ಕಾಗದ ಬರೆದವರಿಗೂ ಸದ್ಯಕ್ಕೆ ಅದೇ ಉತ್ತರ: ಒಂದು ದಿನ ಒಣಗಿಸಿ ಮರುದಿನ ಮುಳುಗಿಸಬೇಡಿ, ಬೆರಳು ಹೇಳಿದಾಗ ಮಾತ್ರ ನೀರು.

ಕೊನೆಯದಾಗಿ ಬ್ರಹ್ಮಕಮಲ ಅಂತ ನಾವು ಮನೆಗಳಲ್ಲಿ ಕರೆಯುವ ನಿಶಾಗಂಧಿ. ಅದು ಕಳ್ಳಿಯ ಜಾತಿಯದು. ಎಲೆಯ ಹಾಗೆ ಕಾಣುವುದು ಅದರ ಕಾಂಡ, ಹೂವು ಬರುವುದು ಅದರ ಅಂಚಿನಿಂದ. ಬೇಸಿಗೆಯಲ್ಲಿ ಒಂದಿಷ್ಟು ಒಣಗಿಸಿ ಇಟ್ಟವರ ಮನೆಯಲ್ಲಿ ಮಳೆ ಹನಿದ ಮೇಲೆ ಆ ಅಂಚಿನ ಹಲ್ಲುಗಳಲ್ಲಿ ಕೆಂಪು ಚುಕ್ಕೆಯಂಥ ಮೊಗ್ಗು ಮೂಡುತ್ತದೆ. ಮೂಡಿದ ಮೇಲೆ ಕುಂಡವನ್ನು ಜಾಗದಿಂದ ಕದಲಿಸಬೇಡಿ, ಮೊಗ್ಗು ಕಳಚುತ್ತದೆ. ಮೂರು ನಾಲ್ಕು ವಾರ ಕಾಯಿರಿ. ಕೆಳಗೆ ಜೋತಾಡುತ್ತಿದ್ದ ಮೊಗ್ಗು ಕತ್ತು ಮೇಲೆತ್ತಿ ಉಬ್ಬಿಕೊಂಡರೆ ಒಂದೆರಡು ದಿನದಲ್ಲಿ ಅರಳುತ್ತದೆ. ಆ ರಾತ್ರಿ ಊಟ ಬೇಗ ಮುಗಿಸಿ, ಎಂಟು ಗಂಟೆಯ ಹೊತ್ತಿಗೆ ಮಕ್ಕಳನ್ನೂ ಅಕ್ಕಪಕ್ಕದವರನ್ನೂ ಕರೆದು ಕುಂಡದ ಮುಂದೆ ಚಾಪೆ ಹಾಸಿ ಕೂತುಕೊಳ್ಳಿ. ಬೆಳಿಗ್ಗೆ ನೋಡೋಣ ಅಂದರೆ ಸಿಗುವುದಿಲ್ಲ, ಬೆಳಕು ಹರಿಯುವಷ್ಟರಲ್ಲಿ ಬಾಡಿರುತ್ತದೆ. ನಮಸ್ಕಾರ.